ಟ್ಯಾಬ್ ಒತ್ತಿದರೆ ಮೂರು ಮಳೆ

ಪುನರ್ವಸು, ಪುಷ್ಯ, ಪುಬ್ಬ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಈ ಮೂರು ಮಳೆ ನಕ್ಷತ್ರಗಳ ಮೊದಲ ಎರಡಕ್ಷರ ಒಂದೇ. ಹಿರೇಕೊಡಿಗೆಯ ಮನೆಯಲ್ಲಿ ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮಳೆಯ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವಾಗ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ನಕ್ಷತ್ರಕ್ಕೊಂದು ಫೋಲ್ಡರ್ ಮಾಡಿದೆ. ಲಿನಕ್ಸ್‌ನ ಕಪ್ಪು ಪರದೆಯಲ್ಲಿ ಆ ಎರಡಕ್ಷರ ಬರೆದು ಟ್ಯಾಬ್ ಒತ್ತಿದರೆ ಏನೂ ಆಗುವುದಿಲ್ಲ. ಇನ್ನೊಮ್ಮೆ ಒತ್ತಿದರೆ ಮೂರೂ ಹೆಸರು ಕೆಳಗೆ ಬಂದು ನಿಲ್ಲುತ್ತವೆ. ಮೂರನೆಯ ಅಕ್ಷರ ಕೊಟ್ಟೆವೋ, ಉಳಿದದ್ದು ತಾನಾಗಿ ತುಂಬಿಕೊಳ್ಳುತ್ತದೆ. ಖಚಿತವಿದ್ದಷ್ಟನ್ನು ಬರೆದು, ಆಚೆಯದನ್ನು ನನಗೇ ಬಿಡುವ ಆ ಸಂಯಮ ನನಗೆ ಬಹಳ ಇಷ್ಟ.

ನಾವು ಬರೆದ ಕಮಾಂಡನ್ನು ಓದಿ ನಡೆಸಿಕೊಡುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಬರೆದದ್ದನ್ನು ನೆನಪಿಟ್ಟುಕೊಳ್ಳುವ ಗುಣ ಅದಕ್ಕೆ ಬಂದದ್ದು 1970ರ ದಶಕದ ಕೊನೆಯಲ್ಲಿ, ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ನಿಂದ. ಎರಡು ಆಶ್ಚರ್ಯಚಿಹ್ನೆ ಒತ್ತಿದರೆ ಹಿಂದಿನ ಕಮಾಂಡು ಮತ್ತೆ ನಡೆಯುತ್ತಿತ್ತು. ಆತ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ‘ಹೋಮ್’ ಎಂಬ ಗುರುತೂ ಅಲೆಯಂಥ ಟಿಲ್ಡೆಯೂ ಒಂದೇ ಕೀಲಿಯ ಮೇಲಿದ್ದವು. ಇಂದಿಗೂ ಶೆಲ್‌ನಲ್ಲಿ ಟಿಲ್ಡೆ ಎಂದರೆ ಮನೆ. 1983ರಲ್ಲಿ ಡೇವಿಡ್ ಕಾರ್ನ್‌ರ ಶೆಲ್, 1989ರಲ್ಲಿ ಬ್ರಯಾನ್ ಫಾಕ್ಸ್‌ರ ಬ್ಯಾಷ್ ಬಂದವು. ನನ್ನದು ಬ್ಯಾಷ್.

ಬ್ಯಾಷ್‌ನಲ್ಲಿ ನಾನು ತುಂಬ ಹಚ್ಚಿಕೊಂಡಿರುವುದು ಕಂಟ್ರೋಲ್-ಆರ್. ಒತ್ತಿ ಎರಡು ಮೂರು ಅಕ್ಷರ ಬರೆಯುತ್ತಿದ್ದಂತೆ ಅವು ಇರುವ ಹಳೆಯ ಸಾಲು ಮೇಲೆದ್ದು ಬರುತ್ತದೆ. ಅದು ಬೇಡವಾದರೆ ಮತ್ತೊಮ್ಮೆ ಒತ್ತಿದರೆ ಅದಕ್ಕೂ ಹಳೆಯದು. ಇದಕ್ಕೊಂದು ಉಪಾಯ ಕೂಡಿಸಿಕೊಂಡಿದ್ದೇನೆ. ಹ್ಯಾಷ್ ಗುರುತಿನ ನಂತರದ ಮಾತನ್ನು ಶೆಲ್ ನಡೆಸುವುದಿಲ್ಲ, ಆದರೆ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ನಕ್ಷತ್ರದ ಮಳೆಯನ್ನೆಲ್ಲ ಕೂಡಿಸುವ ಉದ್ದನೆಯ ಕಮಾಂಡಿನ ಕೊನೆಗೆ ಹ್ಯಾಷ್ ಹಾಕಿ ‘ಪುಷ್ಯ ಒಟ್ಟು’ ಎಂದು ಇಂಗ್ಲಿಷ್ ಅಕ್ಷರದಲ್ಲೇ ಬರೆದಿಟ್ಟರೆ, ಕಮಾಂಡು ಮರೆತುಹೋದ ಎಷ್ಟೋ ತಿಂಗಳ ಮೇಲೂ ‘ಒಟ್ಟು’ ಎಂಬ ಮಾತೊಂದೇ ಅದನ್ನು ಎಳೆದು ತರುತ್ತದೆ. ಆ ನೆನಪೆಲ್ಲ ನಾನೇ ಬರೆದ ಸಾಲುಗಳು, ನಾನು ಬೇಕೆಂದಾಗ ತೆರೆದು ಓದಬಹುದಾದ ಸಾದಾ ಕಡತ. ಕಂಪ್ಯೂಟರು ನನ್ನನ್ನು ನೆನಪಿಟ್ಟುಕೊಳ್ಳುವ ಬಗೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದನ್ನು ನಾನು ಬೇರೆ ಕಂಡಿಲ್ಲ.

ಓಡಾಟಕ್ಕೂ ಅನುಕೂಲಗಳಿವೆ. ಸಿಡಿ ಬರೆದು ಒಂದು ಅಡ್ಡಗೆರೆ ಎಳೆದರೆ ಹಿಂದೆ ಇದ್ದ ಫೋಲ್ಡರಿಗೆ ವಾಪಸು. ಮತ್ತೆ ಹಾಗೇ ಮಾಡಿದರೆ ಇಲ್ಲಿಗೆ. ನಮ್ಮ ಕಡೆ ಮಕ್ಕಳು ಅಜ್ಜನ ಮನೆಗೂ ತಮ್ಮ ಮನೆಗೂ ಓಡಾಡುವುದು ಹೀಗೆಯೇ. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಈ ಹಿರೇಕೊಡಿಗೆಯಲ್ಲಿ, ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ. ಎರಡಕ್ಕಿಂತ ಹೆಚ್ಚು ಜಾಗಗಳಿದ್ದರೆ ಪುಷ್‌ಡಿ, ಪಾಪ್‌ಡಿ ಎಂಬ ಜೋಡಿ ಇದೆ.

ಒಂದು ಎಚ್ಚರ ಮಾತ್ರ ಬೇಕು. ಬ್ಯಾಷ್ ತನ್ನ ನೆನಪನ್ನು ಕಡತಕ್ಕೆ ಬರೆಯುವುದು ಕೆಲಸ ಮುಗಿಸಿ ಹೊರಡುವಾಗ. ಆಷಾಢದ ಗಾಳಿಗೆ ಕರೆಂಟು ಹೋಗಿ ಡೆಸ್ಕ್‌ಟಾಪ್ ಆರಿಹೋದರೆ ಆ ದಿನದ್ದೆಲ್ಲ ಹೋಯಿತು. ಹಿಸ್ಟರಿ ಎಂಬ ಕಮಾಂಡಿಗೆ ಮೈನಸ್ ಎ ಸೇರಿಸಿದರೆ ಆಗಿಂದಾಗಲೇ ಬರೆದುಕೊಳ್ಳುತ್ತದೆ. ತಾನಾಗಿ ಅದು ಇಟ್ಟುಕೊಳ್ಳುವುದು 500 ಸಾಲು. ಆ ಮಿತಿಯನ್ನು ಧಾರಾಳವಾಗಿ ಏರಿಸಿಕೊಳ್ಳಬೇಕು.

ಸ್ವಾತಿ ಮಳೆಯೂ ಕಳೆದ ಮೇಲೆ ವರ್ಷದ ಲೆಕ್ಕ. ಆಗ ಕಂಟ್ರೋಲ್-ಓ ಕೈಗೆ ಬರುತ್ತದೆ: ಹೋದ ವರ್ಷದ ಮೊದಲ ಸಾಲನ್ನು ಹುಡುಕಿ ಕಂಟ್ರೋಲ್-ಓ ಒತ್ತಿದರೆ ಆ ಸಾಲು ನಡೆದು, ಅದರ ಮುಂದಿನ ಸಾಲು ಸಿದ್ಧವಾಗಿ ಬರುತ್ತದೆ. ಇಸವಿ ತಿದ್ದುತ್ತಾ ಒತ್ತುತ್ತಾ ಹೋದರೆ ಅಪ್ಪನ ಕಾಫಿ ಮುಗಿಯುವುದರೊಳಗೆ ಒಟ್ಟು ಇಂಚು ಹೇಳಬಹುದು. ಅವರು ಕೂಡಲೇ ಕೇಳುತ್ತಾರೆ, “ಹೋದ ವರ್ಷ ಎಷ್ಟಿತ್ತಾ?” ಅದಕ್ಕೆ ಮೇಲಿನ ಬಾಣವನ್ನು ಒತ್ತಿ ಒಂದು ಅಂಕಿ ತಿದ್ದಿದರೆ ಸಾಕು.