ಕೆರೆಯ ಮೇಲೆ ಹನ್ನೆರಡು ಚಿತ್ರ

“ತಾತ, ಇಲ್ಲಿ ಫೋಟೋ ತೆಗೆಯೋಕೆ ಏನೂ ಇಲ್ಲ.”

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಎರಡನೇ ದಿನವೇ ಹೀಗೆ ತೀರ್ಪು ಕೊಟ್ಟಳು. ಅವಳಿಗೆ ಹನ್ನೊಂದು ವರ್ಷ. ಮನೆಯಲ್ಲಿ ಎಲ್ಲರೂ ಕರೆಯುವುದು ಪುಟ್ಟಿ ಎಂದು. ಕೈಯಲ್ಲಿ ಅವಳಮ್ಮನ ಹಳೇ ಮೊಬೈಲು, ತಲೆಯಲ್ಲಿ ಒಂದು ಹಾಯಿದೋಣಿ.

ಆ ಹಾಯಿದೋಣಿಯ ಹೆಸರು ‘ತಾರಿಣಿ’. ನಮ್ಮ ನೌಕಾಪಡೆಯದು, ಉದ್ದ ಸುಮಾರು 17 ಮೀಟರ್. 2017ರ ಸೆಪ್ಟೆಂಬರ್ 10ರಂದು ಆರು ಮಂದಿ ಮಹಿಳಾ ಅಧಿಕಾರಿಗಳು ಅದರಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ, 2018ರ ಮೇ 21ರಂದು ಗೋವಾಕ್ಕೇ ಮರಳಿದರು. 2024ರ ಅಕ್ಟೋಬರಿನಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಅದೇ ದೋಣಿಯಲ್ಲಿ ಹೊರಟು, 2025ರ ಮೇ ತಿಂಗಳಲ್ಲಿ ಹಿಂದಿರುಗಿದರು. ಪುಟ್ಟಿ ಇದನ್ನೆಲ್ಲ ನನಗೆ ಪಾಠದಂತೆ ಒಪ್ಪಿಸಿದಳು.

“ಅವರು ಸಮುದ್ರದಲ್ಲಿ ಇದ್ರು ತಾತ. ನಮ್ಮ ಕೋಲಾರದಲ್ಲಿ ವರ್ಷವಿಡೀ ಹರಿಯೋ ಒಂದು ನದೀನೂ ಇಲ್ಲ!”

“ಎಂಟು ತಿಂಗಳು ಸುತ್ತ ಬರೀ ನೀರು. ನೀರನ್ನೇ ಎಷ್ಟೂಂತ ತೆಗೀತಾರೆ? ದೋಣಿ ಒಳಗೆ ಅಡುಗೆ ಮಾಡೋದು, ಬಟ್ಟೆ ಒಣಗಿಸೋದು, ಹಗ್ಗ ಕಟ್ಟೋದು, ಅದನ್ನೂ ತೆಗೀಬೇಕಲ್ಲವೇ?” ಎಂದೆ. ಅವಳು ಉತ್ತರ ಕೊಡಲಿಲ್ಲ. ಆದರೆ ಅವಳ ಮಾತು ನನ್ನನ್ನು ಚುಚ್ಚಿತ್ತು. ಅದಕ್ಕೆ ಕಾರಣವಿದೆ.

ನಾನು ಮೇಷ್ಟ್ರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ಸುಣ್ಣದ ಕಡ್ಡಿ ಹಿಡಿದವನು. ಮೊದಮೊದಲ ಸಂಬಳದಲ್ಲಿ ಉಳಿಸಿ ‘ಆಗ್ಫಾ ಕ್ಲಿಕ್ ತ್ರೀ’ ಕ್ಯಾಮೆರಾ ಕೊಂಡಿದ್ದೆ. ಒಂದು ರೋಲಿಗೆ 12 ಚಿತ್ರ, ಅಷ್ಟೇ. ಹಾಗಾಗಿ ದೊಡ್ಡ ಸಂಗತಿಗಳನ್ನೇ ಹುಡುಕಿ ತೆಗೆದೆ. ಕುರುಡುಮಲೆಯ ಗಣಪತಿ ಗುಡಿಯ ಮುಂದೆ ನೆಂಟರ ಸಾಲು, ಆವನಿ ಬೆಟ್ಟದ ಮುಂದೆ ಮಕ್ಕಳ ಸಾಲು, ಕೋಲಾರದ ಸೋಮೇಶ್ವರ ಗುಡಿಯ ಮುಂದೆ ಮತ್ತೊಂದು ಸಾಲು. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವರನ್ನಾಗಲಿ, ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ವಿಂಗಡಿಸುವವರನ್ನಾಗಲಿ ತೆಗೆಯಲೇ ಇಲ್ಲ.

ನಮ್ಮಮ್ಮ ದಿನಾ ಬೆಳಿಗ್ಗೆ ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತರುತ್ತಿದ್ದಳು. ಏರಿ ಇಳಿದು ಬರುವಾಗ ಅವಳ ನೆರಳು ನೀರಿನಲ್ಲಿ ಕಾಣುತ್ತಿತ್ತು. ಅದನ್ನೂ ತೆಗೆಯಲಿಲ್ಲ. ದಿನಾ ಇರುವುದೇ ಅಲ್ಲವೇ, ನಾಳೆ ತೆಗೆದರಾಯಿತು ಅಂದುಕೊಂಡೆ. ಈಗ ಮನೆಯಲ್ಲಿ ಇರುವುದು ಅಮ್ಮನ ಒಂದೇ ಫೋಟೋ, ಸ್ಟುಡಿಯೋದಲ್ಲಿ ತೆಗೆಸಿದ್ದು. ಕುರ್ಚಿಯ ಮೇಲೆ ಬಿಗಿಯಾಗಿ ಕೂತಿದ್ದಾಳೆ. ಹಿಂದಿನ ಪರದೆಯಲ್ಲಿ ಸಮುದ್ರ, ಅದರ ಮೇಲೆ ಒಂದು ಹಾಯಿದೋಣಿ!

ಅಮ್ಮ ಹೋದ ಮೇಲೆ ಕೆರೆಯೂ ಒಣಗಿತು. ವರ್ಷಗಟ್ಟಲೆ ಅದರಲ್ಲಿ ಜಾಲಿ ಬೆಳೆಯಿತು, ಹುಡುಗರು ಕ್ರಿಕೆಟ್ ಆಡಿದರು. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಆಮೇಲೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ, ಪಂಪು ಮಾಡಿ, ನಮ್ಮ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ ಅದು. ಕೆರೆಯಿಂದ ಕೆರೆಗೆ ಇಳಿದು ನರಸಾಪುರದ ಕಡೆಗೂ ನೀರು ಬಂತು, ನಮ್ಮೂರ ಕೆರೆಯೂ ತುಂಬಿತು. ಈ ನೀರು ಕುಡಿಯಲಿಕ್ಕಲ್ಲ, ಅಂತರ್ಜಲ ಏರಲಿ ಎಂದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ನಮ್ಮ ಜನ ಕೇಳುತ್ತಲೇ ಇದ್ದಾರೆ. ಅದೂ ನ್ಯಾಯವೇ.

“ಪುಟ್ಟಿ, ನೀನು ಬೆಂಗಳೂರಲ್ಲಿ ಮುಖ ತೊಳೆದ ನೀರೂ ನಮ್ಮ ಕೆರೇಲಿ ಇರಬಹುದು ಕಣೇ” ಎಂದೆ. ಅವಳ ಕಣ್ಣು ಅರಳಿತು.

ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಕೆರೆಗೆ ಹೋದೆವು. ಅಲ್ಲಿ ಮೀನು ಹಿಡಿಯುವ ದಂಪತಿಗಳಿದ್ದಾರೆ, ಗಂಡ ನನ್ನ ಹಳೇ ಶಿಷ್ಯ. ಅವರ ತೆಪ್ಪ ದುಂಡಗೆ ದೊಡ್ಡ ಮಂಕರಿಯಂತಿದೆ. ಬಿದಿರಿನ ಹೆಣಿಗೆ, ಕೆಳಗೆ ಟಾರ್ಪಾಲು, ಅದರ ಮೇಲೆ ಡಾಂಬರು. ನಮ್ಮ ಗಡಿಭಾಗದ ತೆಲುಗಿನಲ್ಲಿ ಇದಕ್ಕೂ ‘ಪುಟ್ಟಿ’ ಎಂದೇ ಹೆಸರು.

“ಪುಟ್ಟಿ ಪುಟ್ಟೀಲಿ ಕೂತ್ಕೊಂಡ್ಲು!” ಎಂದು ತೆಪ್ಪದ ಮಾವ ನಕ್ಕ. ಆದರೆ ಕೂರಿಸುವ ಮೊದಲು ಅವಳ ಕಂಕುಳಡಿಗೆ ಗಾಳಿ ತುಂಬಿದ ಟ್ಯೂಬು ತೊಡಿಸಿ, ಹಗ್ಗ ಕಟ್ಟಲು ಮರೆಯಲಿಲ್ಲ.

ನಾನು ಒಂದು ಷರತ್ತು ಹಾಕಿದೆ: “ನನ್ನ ಹಳೇ ಕ್ಯಾಮೆರಾ ಲೆಕ್ಕ. ಹನ್ನೆರಡೇ ಚಿತ್ರ. ಅಳಿಸೋ ಹಾಗಿಲ್ಲ.”

ಐದು ನಿಮಿಷದಲ್ಲಿ ಐದು ಮುಗಿದವು! ಹಾರಿದ ಬೆಳ್ಳಕ್ಕಿ ಬಿಳೀ ಗೆರೆಯಾಯಿತು. ನೀರುಕಾಗೆ ಚುಕ್ಕೆಯಾಯಿತು. ಒಂದರಲ್ಲಿ ಬರೀ ಸೂರ್ಯ, ಒಂದರಲ್ಲಿ ಕೆರೆಯೇ ಓರೆ, ಮತ್ತೊಂದರಲ್ಲಿ ಅವಳದೇ ಬೆರಳು. ಅಳು ಬರುವಂತಾಯಿತು.

“ದೂರದ್ದು ಬಿಡು. ಲೆನ್ಸು ಒರೆಸಿಕೋ. ನಿನ್ನ ಕಾಲ ಹತ್ತಿರ ಏನಿದೆ ನೋಡು” ಎಂದೆ.

ನೋಡಿದಳು. ತೆಪ್ಪದ ತಳದಲ್ಲಿ ಜಿನುಗಿದ ನೀರನ್ನು ಮಾವ ಡಬ್ಬದಿಂದ ಮೊಗೆದು ಹೊರಗೆ ಚೆಲ್ಲುತ್ತಿದ್ದ. ಎಳೇ ಬಿಸಿಲಿಗೆ ಎದುರಾಗಿ ಚೆಲ್ಲಿದಾಗ ಒಂದೊಂದು ಹನಿಯೂ ಗಾಜಿನ ಗೋಲಿಯಂತೆ ಹೊಳೆಯಿತು. ಅವಳು ತಗ್ಗಿ, ಮೂರು ಸಲ ಚೆಲ್ಲುವುದನ್ನು ಕಾದು, ನಾಲ್ಕನೆಯದಕ್ಕೆ ಒತ್ತಿದಳು. ಆರನೆಯ ಚಿತ್ರ. ಏಳನೆಯದು ಬಲೆಯಲ್ಲಿ ಬಾಯಿ ಬಿಡುವ ಮೀನು. ಅದರ ಹೆಸರು ‘ಜಿಲೇಬಿ’ ಎಂದು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಎಂಟನೆಯದು ಟಾರ್ಪಾಲಿನ ತೇಪೆಗಳು. ಒಂಬತ್ತನೆಯದು ಅತ್ತೆ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಾಟಲಿಯಿಂದ ರಾಗಿ ಅಂಬಲಿ ಬಗ್ಗಿಸುವುದು. ತೆಗೆಯುವ ಮೊದಲು “ತೆಗೀಲಾ ಅತ್ತೆ?” ಎಂದು ಕೇಳಿದಳು. ಅದು ನಾನು ಹೇಳಿಕೊಟ್ಟದ್ದಲ್ಲ. ಹತ್ತನೆಯದು ಏರಿಯ ಮೇಲೆ ಹೊರಟ ಶಾಲೆಯ ಮಕ್ಕಳು, ನೀರಿನಲ್ಲಿ ತಲೆಕೆಳಗಾಗಿ.

ಅಷ್ಟರಲ್ಲಿ ಮೂಡಣ ಗಾಳಿ ಎದ್ದು ತುಂತುರು ಹನಿಯಿತು. ನಾನು ಕೊಡೆ ಬಿಚ್ಚಿದೆ. ಬಿಚ್ಚಿದ್ದೇ ತಡ, ತೆಪ್ಪ ತಾನಾಗಿ ದಡದ ಕಡೆ ಹೊರಟಿತು!

“ತಾತ, ಹಾಯಿ! ನಿಮ್ಮ ಕೊಡೆನೇ ಹಾಯಿ!”

ನಿಜ. ಆದರೆ ತೆಪ್ಪದ ತಳ ದುಂಡಗೆ, ಸಪಾಟು. ಹಾಯಿದೋಣಿಗೆ ನೀರಿನೊಳಗೆ ಇಳಿದ ಬೆನ್ನುಹಲಗೆ ಇರುತ್ತದೆ, ಚುಕ್ಕಾಣಿ ಇರುತ್ತದೆ. ಅದರಿಂದ ಅದು ಅಡ್ಡಗಾಳಿಯಲ್ಲೂ ಹೋಗಬಲ್ಲದು. ನಮ್ಮದು ಬುಗುರಿಯಂತೆ ಸುತ್ತತೊಡಗಿತು. ಅತ್ತೆ ಹುಟ್ಟನ್ನು ಹಿಂದೆ ಊರಿ ಚುಕ್ಕಾಣಿ ಮಾಡಿದ ಮೇಲೆ ನೆಟ್ಟಗೆ ಸಾಗಿತು. ಎರಡೂ ಕೈಯಲ್ಲಿ ಕೊಡೆ ಹಿಡಿದು ಒದ್ದಾಡುವ ತಾತ ಹನ್ನೊಂದನೆಯ ಚಿತ್ರವಾದ.

ದಡ ಸೇರಿದಾಗ ಉಳಿದದ್ದು ಒಂದೇ. “ನಮ್ದೂ ಒಂದು ತೆಗಿಯಮ್ಮ” ಎಂದು ಅತ್ತೆ ಸೆರಗು ಸರಿಪಡಿಸಿಕೊಂಡಳು. ಗಂಡ ಹೆಂಡತಿ ಇಬ್ಬರೂ ಕೈ ಕೆಳಗಿಳಿಸಿ, ಉಸಿರು ಬಿಗಿಹಿಡಿದು ನಿಂತರು. ಥೇಟ್ ಸ್ಟುಡಿಯೋ ಫೋಟೋ!

ಪುಟ್ಟಿ ಮೊಬೈಲು ಇಳಿಸಿದಳು. “ಹೀಗೆ ಬೇಡ ಅತ್ತೆ. ನೀವು ಬಲೆ ಬಿಡಿಸ್ತಾ ಮಾತಾಡ್ತಾ ಇರಿ. ನಾನಿಲ್ಲ ಅಂದ್ಕೊಳ್ಳಿ.”

ಅವರು ಕೂತು ಬಲೆ ಬಿಡಿಸತೊಡಗಿದರು. ಸ್ವಲ್ಪ ಹೊತ್ತಿಗೆ ಮೀನಿನ ಲೆಕ್ಕದಲ್ಲಿ ಜಗಳವೂ ಶುರುವಾಯಿತು. ಜಗಳ ನಗುವಾಗಿ ತಿರುಗಿದ ಗಳಿಗೆಯಲ್ಲಿ ಹನ್ನೆರಡನೆಯ ಚಿತ್ರ ಬಿತ್ತು. ನಾನು ಏರಿಯ ಕಡೆ ಮುಖ ತಿರುಗಿಸಿ ನಿಂತೆ. ಐವತ್ತು ವರ್ಷದ ಹಿಂದೆ ನನಗೆ ಹೊಳೆಯದ್ದು ಹನ್ನೊಂದು ವರ್ಷದವಳಿಗೆ ಹೊಳೆದಿತ್ತು.

ಕೋಲಾರದ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ಅವರಿಗೊಂದು ಕೊಟ್ಟೆವು. ಮಾವ ಬಹಳ ಹೊತ್ತು ನೋಡಿದ. “ಆಧಾರ್ ಕಾರ್ಡಲ್ಲಿ ನಾನು ಕಳ್ಳನ ಥರ ಇದೀನಿ ಮೇಷ್ಟ್ರೇ. ಇದರಲ್ಲಿ ನಾನು ನಾನೇ ಇದೀನಿ” ಎಂದ.

ಮಕ್ಕಳೇ, ನಿಮ್ಮ ಅಜ್ಜಿ ಸೊಪ್ಪು ಬಿಡಿಸುವಾಗ, ತಾತ ಸೈಕಲ್ಲಿಗೆ ಗಾಳಿ ಹೊಡೆಯುವಾಗ, ಅವರನ್ನು ಕೇಳಿ ಒಂದು ಚಿತ್ರ ತೆಗೆಯಿರಿ. ಪ್ರಿಂಟು ಹಾಕಿಸಿ ಹಿಂದೆ ಊರು, ತಾರೀಖು, ಹೆಸರು ಬರೆಯಿರಿ. ನನ್ನ ಹಳೇ ಆಲ್ಬಮ್ಮಿನಲ್ಲಿ ಎಷ್ಟೋ ಮುಖಗಳಿಗೆ ಈಗ ಹೆಸರೇ ಇಲ್ಲ.

ಅಮ್ಮನ ಫೋಟೋದ ಪಕ್ಕದಲ್ಲಿ ಈಗ ಹತ್ತನೆಯ ಚಿತ್ರ ತೂಗುಹಾಕಿದ್ದೇನೆ. ಅಮ್ಮ ನಡೆದ ಅದೇ ಏರಿ ಅದರಲ್ಲಿದೆ, ಕೆಳಗೆ ತುಂಬಿದ ನೀರೂ ಇದೆ.