ಚಾರ್ಮಾಡಿ ಘಟ್ಟವೂ ಹಳೆಯ ಡೀಸೆಲ್ ಗಾಡಿಯೂ

ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟವನ್ನಿಳಿದು ಬೆಳ್ತಂಗಡಿಯ ಸೀಮೆಯನ್ನು ಸೇರುವ ಮಾರ್ಗವು ರಮ್ಯವೂ ಹೌದು, ಭಯಂಕರವೂ ಹೌದು. ಈ ಮಾರ್ಗವನ್ನು ನಾವು ಕಾಫಿ ತೋಟದ ಹಳೆಯ ಪಿಕಪ್ ಗಾಡಿಯೊಂದರಲ್ಲಿ ಇಳಿದೆವು. ಅದರ ಯಂತ್ರಕ್ಕೆ ಗಣಕದ ಸೋಂಕಿಲ್ಲ. ಅದುಮಿದ ಗಾಳಿಯ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳುವುದು. ಅದನ್ನು ಅಳೆದು ಕೊಡುವುದು ಯಂತ್ರದೊಡನೆಯೇ ತಿರುಗುವ ಪಂಪು. ಆದುದರಿಂದ ಊರ ಮೇಸ್ತ್ರಿಯೇ ಅದರ ವೈದ್ಯನು.

ಡೀಸೆಲಿಗೆ ನೀರು ಸೇರುವುದು ಮಲೆನಾಡಿನ ಗಾಡಿಗಳಿಗೆ ಮುಖ್ಯವಾದ ರೋಗ. ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಆಗಾಗ ಬಸಿಯದಿದ್ದರೆ ಪಂಪೂ ನಾಜಲುಗಳೂ ತುಕ್ಕು ಹಿಡಿಯುವುವು.

ಈ ಗಾಡಿಗೆ ಹೊಸದಾಗಿ ಕೂಡಿಸಿದ್ದು ಎರಡೇ: ಮಂಜಿಗೆ ಹಳದಿಯ ದೀಪ, ಬ್ರೇಕಿಗೆ ಬೂಸ್ಟರು. ಬೂಸ್ಟರಿಗೆ ನಿರ್ವಾತವು ಬೇಕು. ಡೀಸೆಲ್ ಯಂತ್ರದಲ್ಲಿ ಅದು ಸಹಜವಾಗಿ ದೊರೆಯದಾದ್ದರಿಂದ, ಯಂತ್ರವೇ ತಿರುಗಿಸುವ ಇನ್ನೊಂದು ಚಿಕ್ಕ ಪಂಪನ್ನು ಜೋಡಿಸಿದ್ದಾರೆ.

ಇಲ್ಲಿಯೇ ಪ್ರಾಣದ ಪ್ರಶ್ನೆಯಿರುವುದು. ಡೀಸೆಲ್ ಉಳಿಸಲೆಂದು ಯಂತ್ರವನ್ನಾರಿಸಿ ಘಟ್ಟವಿಳಿಯುವವರುಂಟು. ನಾಲ್ಕಾರು ಬಾರಿ ತುಳಿಯುವಷ್ಟರಲ್ಲಿ ನಿರ್ವಾತವು ತೀರಿ, ಬ್ರೇಕಿನ ಪೆಡಲು ಕಲ್ಲಿನಂತಾಗುವುದು. ಉಳಿತಾಯವಾದರೂ ಏನು? ಗೇರಿನಲ್ಲಿಟ್ಟು, ಎಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಪಂಪು ತಾನಾಗಿಯೇ ಡೀಸೆಲನ್ನು ತಡೆಯುವುದು. ಯಂತ್ರವು ಗಾಡಿಯನ್ನು ಹಿಡಿದಿಡುವುದು.

ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಘಟ್ಟದ ಚಾಲಕರ ಹಳೆಯ ನಿಯಮ. ಮನೆಯಲ್ಲಿ ಗಾಡಿಯುಳ್ಳವರೆಲ್ಲರೂ ಇದನ್ನು ಮಕ್ಕಳಿಗೆ ಕಲಿಸತಕ್ಕದ್ದು.