ಸೆಟ್ಟಿಂಗ್ ಬಿಚ್ಚುವ ಮುನ್ನ

ಎಂಬತ್ತರ ದಶಕದಲ್ಲಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ಹೆಸರಿಗೆ ಪ್ಲಾನಿಂಗ್, ನಡೆಯುತ್ತಿದ್ದುದೆಲ್ಲ ಉಕ್ಕು ಸಿಕ್ಕಂತೆ. ಗಿರಾಕಿಗೆ ಎಷ್ಟು ಪಿನ್ನು, ಎಷ್ಟು ಬುಷ್ಷು ಬೇಕು ಅನ್ನುವುದು ಆಮೇಲಿನ ಮಾತು. ಸರ್ಕಾರಿ ಕೋಟಾದ ಸರಳು ಲಾರಿಯಿಂದ ಇಳಿದರೆ ಬಂದಷ್ಟನ್ನೂ ಲೇತಿಗೆ ಹಾಕಿಬಿಡುವುದು. ಮತ್ತೆ ಯಾವಾಗ ಬರುತ್ತದೋ ದೇವರೇ ಬಲ್ಲ.

ಕ್ಯಾಪ್‌ಸ್ಟನ್ ಲೇತಿನಲ್ಲಿ ಒಂದು ಐಟಂ ಮುಗಿಸಿ ಇನ್ನೊಂದಕ್ಕೆ ಕಾಲೆಟ್, ಟೂಲು, ಸ್ಟಾಪರ್ ಹೊಂದಿಸಿ, ಮೊದಲ ಪೀಸು ಪಾಸಾಗುವಷ್ಟರಲ್ಲಿ ಅರ್ಧ ಶಿಫ್ಟು ಕಳೆಯುತ್ತಿತ್ತು. "ಬಿಚ್ಚೋಕ್ ಮುಂಚೆ ಇನ್ನೊಂದೈನೂರು ಎಳ್ಕೊಂಬಿಡ್ಲಾ ಸಾರ್?" ಅನ್ನುತ್ತಿದ್ದ ನಮ್ಮ ಸೆಟ್ಟರ್. ಆ ಐನೂರು ಎಣ್ಣೆ ಬಳಿಸಿಕೊಂಡು ಸ್ಟೋರ್ಸ್ ಸೇರುತ್ತಿದ್ದವು. ಡ್ರಾಯಿಂಗ್ ಬದಲಾಯಿತೋ, ಗುಜರಿಗೆ.

ಸೆಟ್ಟಿಂಗಿನ ಖರ್ಚು, ಮಾಲು ಇಟ್ಟುಕೊಳ್ಳುವ ಖರ್ಚು ಎರಡನ್ನೂ ತೂಗಿ ಒಮ್ಮೆಗೆ ಎಷ್ಟು ಮಾಡಬೇಕೆಂದು ಹೇಳುವ 1913ರ ಹ್ಯಾರಿಸ್ ಸೂತ್ರ ನಮಗೂ ಗೊತ್ತಿತ್ತು. ಆದರೆ ಅದಕ್ಕೆ ಬೇಡಿಕೆ ಎಂದೆಂದಿಗೂ ಒಂದೇ ಸಮ ಇರಬೇಕು. ನನಗೆ ಹಿಡಿಸಿದ್ದು, ತಿಂಗಳಿಂದ ತಿಂಗಳಿಗೆ ಬದಲಾಗುವ ಬೇಡಿಕೆಗೆಂದು 1958ರಲ್ಲಿ ವ್ಯಾಗ್ನರ್ ಮತ್ತು ವಿಟಿನ್ ಬರೆದ ಲೇಖನ. ಸೆಟ್ಟಿಂಗಿಗೆ 600 ರೂಪಾಯಿ, ಒಂದು ಪೀಸನ್ನು ತಿಂಗಳು ಇಟ್ಟುಕೊಂಡರೆ 1 ರೂಪಾಯಿ ಖರ್ಚು ಅಂದುಕೊಳ್ಳಿ. ನಾಲ್ಕನೇ ತಿಂಗಳಿಗೆ 700 ಪೀಸು ಬೇಕಿದ್ದರೆ ಅವನ್ನು ಒಂದೇ ತಿಂಗಳು ಮೊದಲು ಮಾಡಿಟ್ಟರೂ 700 ರೂಪಾಯಿ ಬೀಳುತ್ತದೆ. ಅಂದಮೇಲೆ ಆ ತಿಂಗಳು ಹೊಸ ಸೆಟ್ಟಿಂಗ್ ಖಂಡಿತ. ಐದನೇ, ಆರನೇ ತಿಂಗಳಲ್ಲಿ ಏನೇ ಆಗಲಿ, ಮೊದಲ ಮೂರು ತಿಂಗಳ ಲೆಕ್ಕ ಕದಲುವುದಿಲ್ಲ. ವರ್ಷದ ಶೆಡ್ಯೂಲ್ ಬೇಕೆಂದು ಪಟ್ಟು ಹಿಡಿಯುತ್ತಿದ್ದ ಮ್ಯಾನೇಜರರಿಗೆ ಇದು ಕೊನೆಯವರೆಗೂ ರುಚಿಸಲಿಲ್ಲ.

1992ರ ಜನವರಿಯಲ್ಲಿ ಉಕ್ಕಿನ ನಿಯಂತ್ರಣ ಹೋಯಿತು. ಸರಳು ಅಂಗಡಿಯಲ್ಲೇ ಸಿಗತೊಡಗಿದ ಮೇಲೆ ರಾಶಿ ಹಾಕಿಕೊಳ್ಳುವ ದರ್ದು ಉಳಿಯಲಿಲ್ಲ. ಆ ದಶಕದ ಕೊನೆಗೆ ಬಿಡದಿಯಲ್ಲಿ ಟೊಯೋಟಾ ಕಾರು ತಯಾರಿಸತೊಡಗಿತು. ಬೇಕಾದಾಗ ಬೇಕಾದಷ್ಟೇ ಮಾಲು ತರಿಸುವ ಅವರ ಕಾನ್‌ಬಾನ್ ಕಾರ್ಡು ಪೀಣ್ಯದ ಟೀ ಅಂಗಡಿಯ ಮಾತಿಗೂ ಬಂತು. ನಮ್ಮಲ್ಲೂ ಸಿಎನ್‌ಸಿ ಬಂದು, ಟೂಲುಗಳನ್ನು ಮೊದಲೇ ಹೊಂದಿಸಿಟ್ಟುಕೊಳ್ಳುವ ಅಭ್ಯಾಸವಾಗಿ, ಸೆಟ್ಟಿಂಗ್ ನಿಮಿಷಗಳ ಕೆಲಸವಾಯಿತು. ಅದೇ 600 ರೂಪಾಯಿ 50ಕ್ಕೆ ಇಳಿದರೆ ಯಾರು ತಾನೇ ಮೂರು ತಿಂಗಳ ಮಾಲು ಮಾಡಿಡುತ್ತಾರೆ?

ಹಾಗಂತ ದೂರ ನೋಡುವ ಕೆಲಸ ತಪ್ಪಿತೆಂದು ನಾನು ಒಪ್ಪುವುದಿಲ್ಲ. ದೊಡ್ಡ ಗಿರಾಕಿಯೊಬ್ಬರು ಈ ತಿಂಗಳದ್ದು ಗಟ್ಟಿ, ಮುಂದಿನದ್ದು ಅಂದಾಜು ಎಂದು ಶೆಡ್ಯೂಲ್ ಕಳಿಸುತ್ತಿದ್ದರು. ಅಂದಾಜು ನಂಬಿ ವಿಶೇಷ ದರ್ಜೆಯ ಉಕ್ಕು ತರಿಸಿದವರು ನಾವು. ಅಂದಾಜು ಅರ್ಧಕ್ಕಿಳಿದಾಗ ಬಡ್ಡಿ ಕಟ್ಟಿದವರೂ ನಾವೇ. ಅವರ ಗೋದಾಮು ಮಾತ್ರ ಖಾಲಿ ಇತ್ತು, ಅದನ್ನು ನೋಡಲು ಜನ ಪ್ರವಾಸ ಬರುತ್ತಿದ್ದರು.